ಎರಡನೆಯ ಸಹಿ

ಹೊಸ ವರ್ಷದ ಮೊದಲ ದಿನ, ಹಲ್ಲು ಕಟಕಟ ಎನ್ನುವ ಚಳಿಯಲ್ಲಿ, ಬೆಳಿಗ್ಗೆ ಎಂಟಕ್ಕೆಲ್ಲ ಬ್ರೆಂಡಾ ಇಂಗ್ಲೆಂಡಿನ ನಾರ್ಫೋಕ್ ಕರಾವಳಿಯ ಜವುಗಿಗೆ ಬಂದಿಳಿದಿದ್ದಳು. ಹತ್ತಕ್ಕೆ ಹದಿನಾರು ಹಕ್ಕಿ ಬರೆದೂ ಆಗಿತ್ತು. ಹತ್ತೊಂಬತ್ತು ವರ್ಷ ಗಂಡ ಡೆರಿಕ್‌ನ ಜೊತೆ ವರ್ಷವಿಡೀ ಕಂಡ ಹಕ್ಕಿಗಳ ಒಂದೇ ಪಟ್ಟಿ ಬರೆದವಳು. ಅವನಿಂದ ಬೇರೆಯಾದ ಮೇಲೆ ಇದು ಅವಳದೇ ಆದ ಮೊದಲ ಪಟ್ಟಿ. ಜನವರಿ ಒಂದಕ್ಕೆ ಎಲ್ಲರೂ ಸೊನ್ನೆಯಿಂದ ಶುರು ಮಾಡಬೇಕು. ಅವತ್ತು ಕಾಗೆ ಕಂಡರೂ ಸಂಭ್ರಮವೇ.

ಸಂಭ್ರಮ ಕೆಡಿಸಲಿಕ್ಕೆ ಡೆರಿಕ್ ಇದ್ದನಲ್ಲ. ಹಕ್ಕಿ ನೋಡುವ ಮರದ ಗುಡಿಸಲಿಗೆ ಇವಳು ಕಾಲಿಟ್ಟರೆ, ಮಹಾರಾಯ ಕಿಂಡಿಯೆದುರಿನ ಒಳ್ಳೆಯ ಜಾಗದಲ್ಲಿ ಕಾಲು ಚಾಚಿ ಟೀ ಹೀರುತ್ತ ಕೂತಿದ್ದ. ಪಕ್ಕದಲ್ಲಿ ಹಕ್ಕಿ ನೋಡುವವರ ಕ್ಲಬ್ಬಿನ ದಾಖಲೆ ಪುಸ್ತಕ ನೋಡಿಕೊಳ್ಳುವ ಮುದುಕ ವಿಲ್ಫ್, ಇನ್ನೂ ನಾಲ್ಕೈದು ಸದಸ್ಯರು.

"ಬಂದ್ಯಾ? ಹಕ್ಕಿ ಹೆಸರು ಹೇಳ್ಕೊಡೋಕೆ ಯಾರನ್ನ ಕರ್ಕೊಂಡ್ ಬಂದೆ?" ಎಂದ ಡೆರಿಕ್.

"ನಿನ್ನನ್ನಂತೂ ಅಲ್ಲ. ಕಾಲು ತೆಗಿ, ಕೂರ್ಬೇಕು."

"ಆ ಮೂಲೆ ಖಾಲಿ ಇದೆ. ಬಾತುಕೋಳಿ ಎಣಿಸೋರಿಗೆ ಅಷ್ಟು ಸಾಕು."

ಯಾರೋ ಕಿಸಕ್ಕೆಂದರು. ಮೈ ಉರಿದರೂ ಬ್ರೆಂಡಾ ಮೂಲೆಗೇ ಹೋಗಿ ಕೂತಳು.

ಕ್ಲಬ್ಬಿನ ನಿಯಮವೊಂದಿತ್ತು. ಅಪರೂಪದ ಹಕ್ಕಿ ಕಂಡೆ ಎಂದರೆ ಸಾಲದು, ಜೊತೆಗೆ ಕಂಡ ಇನ್ನೊಬ್ಬರು ಸಹಿ ಹಾಕಬೇಕು. ಡೆರಿಕ್ ಕಂಡ ಹಕ್ಕಿಗಳಿಗೆಲ್ಲ ಆ ಸಹಿ ಬ್ರೆಂಡಾಳದು. ಅವನು ಕೂಗಿ ಇವಳು ತಿರುಗುವಷ್ಟರಲ್ಲಿ ಹಕ್ಕಿ ಇರುತ್ತಲೇ ಇರಲಿಲ್ಲ. "ನೋಡಿದೆ ತಾನೇ?" ಎನ್ನುತ್ತಿದ್ದ. ಮನೆಯಲ್ಲಿ ರಗಳೆ ಬೇಡವೆಂದು ಹೂಂ ಅಂದು ಗೀಚಿಬಿಡುತ್ತಿದ್ದಳು. ಅವನಿಗೆ ಹೆಸರು ಬಂತು. ಇವಳಿಗೂ ಬಂತು, ತೊಂದರೆ ಅದೇ. ಬ್ರೆಂಡಾ ಕಂಡೆ ಅಂದಮೇಲೆ ಕಂಡ ಹಾಗೇ ಎಂದು ಕ್ಲಬ್ಬಿನವರೆಲ್ಲ ನಂಬಿದ್ದರು. ಮದುವೆ ಮುರಿದ ಮೇಲೆ ಅವಳ ಪಾಲಿಗೆ ಉಳಿದದ್ದು ಆ ನಂಬಿಕೆ ಒಂದೇ.

ಹನ್ನೊಂದರ ಹೊತ್ತಿಗೆ ದೂರದ ಬೇಲಿಗೂಟದ ಮೇಲೆ ಗಿಡುಗವೊಂದು ಬಂದು ಕೂತಿತು.

"ಉತ್ತರದ ಹಿಮಗಿಡುಗ," ಡೆರಿಕ್ ಎದ್ದೇಬಿಟ್ಟ. "ಬಾಲ ಬಿಳಿ, ಕಾಲ್ ತುಂಬ ಪುಕ್ಕ. ನೋಡಿ, ನೋಡಿ."

ದುರ್ಬೀನುಗಳು ದಡಬಡನೆ ಮೇಲೆದ್ದವು. ಗಿಡುಗ ಹಾರಿ ದಿಣ್ಣೆಯ ಆಚೆ ಮರೆಯಾಯಿತು. ವಿಲ್ಫ್ ಪುಸ್ತಕ ತೆರೆದ.

"ಇಬ್ಬರು ಬೇಕಪ್ಪ. ಬಾಲ ಸರಿಯಾಗಿ ಕಂಡೋರು ಇನ್ಯಾರು?"

ಒಬ್ಬೊಬ್ಬರಾಗಿ ದುರ್ಬೀನು ಕೆಳಗಿಳಿಸಿದರು. ಡೆರಿಕ್ ಮೂಲೆಯ ಕಡೆ ತಿರುಗಿದ. ದನಿಯಲ್ಲಿ ಬೆಣ್ಣೆ. "ಬ್ರೆನ್ ಕಂಡಿದಾಳೆ. ನೋಡಿದೆ ತಾನೇ, ಬ್ರೆನ್?"

"ಚೆನ್ನಾಗೇ ನೋಡಿದೆ. ಬಾಲ ಕಂದು, ಕಾಲು ಬೋಳು. ದಿನಾ ರಸ್ತೆ ಪಕ್ಕ ಕೂರೋ ಮಾಮೂಲಿ ಗಿಡುಗ ಅದು, ಬೆಳಿಗ್ಗೇನೇ ಬರ್ಕೊಂಡಿದೀನಿ."

ಡೆರಿಕ್‌ನ ಮುಖ ಕೆಂಪಗಾಯಿತು. "ಮನೆ ಜಗಳಾನ ಇಲ್ಲಿಗೆ ಹೊತ್ಕೊಂಡ್ ಬಂದಿದಾಳೆ. ಹೋದ ವರ್ಷದ ತನಕ ಸಹಿ ಹಾಕ್ದೋಳು ಇವಳೇ ಅಲ್ವಾ? ಆಗ ಕಣ್ಣು ಕಾಣ್ತಿತ್ತಾ? ಕೇಳಿ, ವಿಲ್ಫ್."

ವಿಲ್ಫ್ ಕನ್ನಡಕ ಸರಿಮಾಡಿಕೊಂಡ. "ಅವನ್ನೆಲ್ಲ ನೀನು ಕಂಡಿದ್ದೆ ಅಲ್ವಾ, ಬ್ರೆಂಡಾ?"

ಹೂಂ ಅಂದರೆ ಮುಗಿಯುತ್ತಿತ್ತು. ಅವಳ ಹೆಸರು ಉಳಿಯುತ್ತಿತ್ತು, ಆದರೆ ಅವನದೂ ಉಳಿಯುತ್ತಿತ್ತು. ಅವಳಿಗೆ ತನ್ನ ಮೇಲೇ ಹೇಸಿಗೆಯಾಯಿತು.

"ಇಲ್ಲ, ವಿಲ್ಫ್. ಒಂದನ್ನೂ ಕಂಡಿಲ್ಲ. ಅವನು ಅಂದ, ನಾನು ಗೀಚಿದೆ."

ಡೆರಿಕ್ ಫ್ಲಾಸ್ಕು ಎತ್ತಿಕೊಂಡು, "ಹಾಳಾಗ್ ಹೋಗು" ಎಂದು ಬಾಗಿಲು ಬಡಿದುಕೊಂಡು ಹೊರಟುಹೋದ.

"ಇಷ್ಟು ವರ್ಷ ನನ್ನ ಕೈಲಿ ಸುಳ್ಳು ಬರೆಸಿದ್ರಲ್ಲ, ಇಬ್ರೂ ಸೇರ್ಕೊಂಡು," ಎಂದ ವಿಲ್ಫ್. ಪುಸ್ತಕವನ್ನು ಪಟ್ಟನೆ ಮುಚ್ಚಿದ. ಪಕ್ಕದ ಹೆಂಗಸು ತನ್ನ ಚೀಲವನ್ನು ಬ್ರೆಂಡಾಳಿಂದ ಅತ್ತ ಎಳೆದುಕೊಂಡಳು.

ಅರ್ಧ ಗಂಟೆ ಉಳಿದವರು ತಮ್ಮತಮ್ಮೊಳಗೇ ಪಿಸುಗುಟ್ಟಿಕೊಂಡರು. ಆಮೇಲೆ ಜೊಂಡಿನಿಂದ ಕಂದು ಬಕವೊಂದು ಹೊರಬಂತು. ಬಿಟರ್ನ್. ವರ್ಷವಿಡೀ ಕಾದರೂ ಮುಖ ತೋರಿಸದ ಹಕ್ಕಿ, ಇಪ್ಪತ್ತು ಹೆಜ್ಜೆ ದೂರದಲ್ಲಿ.

"ಬಿಟರ್ನ್," ಎಂದಳು ಬ್ರೆಂಡಾ. "ಎಡಕ್ಕೆ, ಜೊಂಡಿನ ಅಂಚಲ್ಲಿ."

ಯಾರೂ ದುರ್ಬೀನು ಎತ್ತಲಿಲ್ಲ.

"ನಿಜವಾಗ್ಲೂ ಇದೆ, ವಿಲ್ಫ್."

"ಆಯ್ತು ಬಿಡಮ್ಮ," ಎಂದ ವಿಲ್ಫ್, ತಲೆ ಎತ್ತದೆ ಬ್ರೆಡ್ಡಿನ ಪೊಟ್ಟಣ ಬಿಚ್ಚುತ್ತ.

ಬಕ ಒಂದೊಂದೇ ಹೆಜ್ಜೆಯಿಡುತ್ತ ಆಚೆ ಜೊಂಡಿಗೆ ಸೇರುವ ತನಕ ಬ್ರೆಂಡಾ ಒಬ್ಬಳೇ ನೋಡಿದಳು. ಅಳು ಬಂತು. ಕಣ್ಣೊರೆಸಿಕೊಂಡು ತನ್ನ ಪಟ್ಟಿಯಲ್ಲಿ ಹದಿನೇಳನೆಯ ಹಕ್ಕಿಯನ್ನು ಬರೆದುಕೊಂಡಳು.