ಎಲ್ಲಕ್ಕಿಂತ ವೇಗದ ಬಣ್ಣ

ತೂಕದ ಯಂತ್ರದ ಮೇಲಿದ್ದ ಡಬ್ಬಕ್ಕೆ ನೀಲಿ, ಬಿಳಿ ಎರಡನ್ನೂ ಸುರಿದಾಗಿತ್ತು. ಈಗ ಕಪ್ಪಿನ ಸರದಿ. ಕಪ್ಪೆಂದರೆ ಎಚ್ಚರ. ಮನೆಯಲ್ಲಿ ಒಂದು ಮಾತು ಹೆಚ್ಚಾದ ಹಾಗೆ, ಒಂದು ಹನಿ ಹೆಚ್ಚಾದರೂ ಹಿಂದಕ್ಕೆ ತೆಗೆದುಕೊಳ್ಳಲಾಗದು. ಅವಳು ಉಸಿರು ಬಿಗಿಹಿಡಿದು ಡಬ್ಬಿಯನ್ನು ಓರೆ ಮಾಡಿದಳು. ಹನಿ ಅಂಚಿಗೆ ಬಂದು, ಬೀಳಲೋ ಬೇಡವೋ ಎಂದು ಯೋಚಿಸಿ, ಬಿತ್ತು. ಸಾಕು. ಕಡ್ಡಿ ಹಾಕಿ ಕಲೆಸತೊಡಗಿದಳು. ಬಿಳಿ, ಕಪ್ಪು, ನೀಲಿ ಮೂರೂ ಸುತ್ತಿ ಸುತ್ತಿ ಒಂದಾಗಿ, ಡಬ್ಬದಲ್ಲಿ ಒಂದು ನೀಲಿ ಎದ್ದು ಬಂತು. ಅದನ್ನು ನೋಡುತ್ತ ಅವಳು ಕಡ್ಡಿ ತಿರುಗಿಸುವುದನ್ನೇ ಮರೆತಳು.

ನೀಲಿ ಇಷ್ಟು ನೀಲಿಯಾಗಿತ್ತೇ?

ಎರಡೂ ಕಣ್ಣಿನ ಪೊರೆ ತೆಗೆಸಿಕೊಂಡ ಮೇಲೆ ಅವಳು ಕೆಲಸಕ್ಕೆ ಬಂದ ಮೊದಲ ದಿನ ಇದು. ಮನೆಯಲ್ಲಿ ಆಗಲೇ ಬೇಕಾದಷ್ಟು ಅಚ್ಚರಿಗಳಾಗಿದ್ದವು. ಕೆನೆ ಬಣ್ಣದ್ದೆಂದು ತಾನೇ ಆರಿಸಿ ತಂದಿದ್ದ ದಿಂಬಿನ ಹೊದಿಕೆ ಅಚ್ಚ ಬಿಳಿಯಾಗಿತ್ತು. ಅಡುಗೆಮನೆಯ ಗೋಡೆಗೆ ಹೊಗೆ ಹಿಡಿದಿದೆ ಎಂದು ವರ್ಷವೆಲ್ಲ ಗೊಣಗಿದ್ದಳು; ಹೊಗೆ ಗೋಡೆಗಲ್ಲ, ಅವಳ ಕಣ್ಣಿಗೆ ಹಿಡಿದಿತ್ತು. ಬೆಳಗ್ಗೆ ಕಣ್ಣಿಗೆ ಔಷಧಿ ಬಿಡುತ್ತ ನಾದಿನಿ ಕೇಳಿದ್ದಳು, ಇಷ್ಟು ದಿನ ಆ ಕಣ್ಣಲ್ಲಿ ಬಣ್ಣ ಹೇಗೆ ಕಲೆಸಿದೆ ಅಂತ. ಕಣ್ಣಿಗೆ ಪೊರೆ ಬಂದರೂ ಕೈಗೆ ಬಂದಿರಲಿಲ್ಲ, ಒಂದು ಕಾರೂ ವಾಪಸ್ ಬಂದಿಲ್ಲ ಎಂದು ಇವಳು ಉತ್ತರ ಕೊಟ್ಟಿದ್ದಳು. ಹೇಳುವಾಗ ಗಂಟಲಲ್ಲಿ ತುಸು ಹೆಮ್ಮೆಯೂ ಇತ್ತು.

ಅವಳ ಕೋಣೆ ಕಾರು ರಿಪೇರಿಯ ಶೆಡ್ಡಿನ ಒಂದು ಮೂಲೆ. ಒಂದು ಕಿಟಕಿ, ಗೋಡೆ ತುಂಬ ಬಣ್ಣದ ಡಬ್ಬಿಗಳು, ಒಂದು ತೂಕದ ಯಂತ್ರ. ಗುದ್ದಿಸಿಕೊಂಡು ಬಂದ ಕಾರಿನ ತಗ್ಗನ್ನು ಡೆಂಟಿಂಗ್ ಕೆಲಸದವನು ಬಡಿದು ಎಬ್ಬಿಸುತ್ತಾನೆ. ಅವನಿಗೆ ಶೆಡ್ಡಿನಲ್ಲಿ ಸುತ್ತಿಗೆ ಮಾವ ಎಂದೇ ಹೆಸರು. ಇವಳು ಬಣ್ಣ ಕಲೆಸಿಕೊಡುತ್ತಾಳೆ. ಅದನ್ನು ಸ್ಪ್ರೇ ಗನ್ನಿಗೆ ತುಂಬಿ ಹೊಡೆಯುವವನು ಮೋಡ. ಬಣ್ಣ ಹೊಡೆಯುವ ಮುಚ್ಚಿದ ಬೂತಿನ ಬಾಗಿಲು ತೆರೆದಾಗಲೆಲ್ಲ ಬಣ್ಣದ ಮಂಜಿನೊಳಗಿಂದ ಇಳಿದು ಬರುವುದರಿಂದ ಅವನಿಗೆ ಆ ಹೆಸರು. ಯಾವ ಕಾರಿಗೆ ಯಾವ ಬಣ್ಣ ಎಷ್ಟು ಎಂಬ ಲೆಕ್ಕ ಕಂಪನಿಯಿಂದಲೇ ಬರುತ್ತದೆ ನಿಜ. ಆದರೆ ಆ ಲೆಕ್ಕ ಹೊಸ ಕಾರಿಗೆ. ಬಿಸಿಲು ತಿಂದು ಮಾಸಿದ ಕಾರಿಗೆ ಹಚ್ಚಿದರೆ ಹರಿದ ಬಟ್ಟೆಗೆ ಹಾಕಿದ ತೇಪೆಯ ಹಾಗೆ ಎದ್ದು ಕಾಣುತ್ತದೆ. ಉಳಿದದ್ದನ್ನು ಕಣ್ಣೇ ಹೇಳಬೇಕು.

ಇವತ್ತಿನ ಕಾರು ಹಲ್ಲಿನ ಡಾಕ್ಟರಮ್ಮನದು. ನೆಲಕ್ಕೆ ಹೊಟ್ಟೆ ತಾಗುವಷ್ಟು ಗಿಡ್ಡನೆಯ ಹಳೆಯ ನೀಲಿ ಸ್ಪೋರ್ಟ್ಸ್ ಕಾರು. ಅದರ ಬಾಗಿಲನ್ನು ಅವರು ತಮ್ಮದೇ ಗೇಟಿನ ಕಂಬಕ್ಕೆ ಉಜ್ಜಿದ್ದರು. ಬಾಯೊಳಗಿನ ಸಾಸಿವೆಯಷ್ಟು ತೂತು ಕಾಣುವ ಕಣ್ಣಿಗೆ ಆಳೆತ್ತರದ ಕಂಬ ಕಾಣಲಿಲ್ಲವಲ್ಲ ಎಂದು ಮಾವ ಅವರ ಎದುರಿಗೇ ಅಂದಿದ್ದ. ಕಂಬ ಬಾಯಿ ತೆರೆದಿರಲಿಲ್ಲ ಎಂದು ಅವರೂ ಬಿಟ್ಟಿರಲಿಲ್ಲ. ನಾಳೆ ಬೆಳಗ್ಗೆ ಕಾರು ಒಯ್ಯಲು ಬರುತ್ತಾರೆ.

ಅವಳು ಬಣ್ಣ ಹೋಲಿಸಿ ನೋಡುವ ಸಣ್ಣ ಕಾರ್ಡಿನ ಮೇಲೆ ಬಣ್ಣ ಹೊಡೆದು, ಒಣಗಿಸಿ, ಹೊರಗೆ ನೆರಳಲ್ಲಿ ನಿಂತಿದ್ದ ಕಾರಿನ ಮೈಗೆ ಹಿಡಿದು ನೋಡಿದಳು. ಕಾರ್ಡು ಕಾರಿನಲ್ಲಿ ಕರಗಿಹೋಯಿತು. ಅಂಚು ಎಲ್ಲಿದೆಯೆಂದು ಬೆರಳಿಂದ ಮುಟ್ಟಿ ನೋಡಬೇಕಾಯಿತು. ಡಬ್ಬವನ್ನು ಮೋಡನ ಕೈಗೆ ಕೊಟ್ಟಳು.

ಕೊಟ್ಟಳೋ ಇಲ್ಲವೋ, ಮಾವನ ಕರೆ ಬಂತು.

"ಬಾ ತಾಯಿ, ಟೀ ಆರ್ತಿದೆ. ಇವತ್ತು ಅದೊಂದು ತೀರ್ಮಾನ ಆಗ್ಲೇಬೇಕು."

ಅದೊಂದು ಎಂದರೆ ಯಾವ ಬಣ್ಣದ ಸ್ಪೋರ್ಟ್ಸ್ ಕಾರು ಎಲ್ಲಕ್ಕಿಂತ ಜೋರಾಗಿ ಓಡುತ್ತದೆ ಎಂಬ ವಾದ. ಶುರುವಾಗಿ ಎಷ್ಟು ಕಾಲವಾಯಿತೋ, ಇನ್ನೂ ಇತ್ಯರ್ಥವಾಗಿರಲಿಲ್ಲ. ಅವಳದು ಮೊದಲಿಂದಲೂ ಕೆಂಪು. ಕೆಂಪು ಕಾರು ನಿಂತಲ್ಲೇ ಓಡುತ್ತಿರುವ ಹಾಗೆ ಕಾಣುತ್ತದೆ, ಓಡಿದರಂತೂ ಕೇಳುವುದೇ ಬೇಡ ಎಂಬುದು ಅವಳ ವಾದ. ಕೆಂಪು ಚೆನ್ನಾಗಿ ಮುಚ್ಚುವುದಿಲ್ಲ, ಪದರದ ಮೇಲೆ ಪದರ ಹೊಡೆಯಬೇಕು, ಅಷ್ಟು ಪೇಂಟಿನ ಭಾರ ಹೊತ್ತು ಅದೆಲ್ಲಿ ಓಡೀತು ಎನ್ನುವುದು ಮೋಡನ ತಕರಾರು. ಅವನ ಪ್ರಕಾರ ಬೆಳ್ಳಿ ಬಣ್ಣ. ಎರಡು ಸಲ ಗನ್ ಆಡಿಸಿದರೆ ಮುಗಿಯಿತು, ಕಾರಿಗಿಂತ ಮೊದಲು ಹೊಡೆದವನೇ ಮನೆ ಸೇರುತ್ತಾನೆ. ಮಾವ ಮಾತ್ರ ದಿನಕ್ಕೊಂದು ಪಕ್ಷ. ಹೋದ ಸಲ ಕಪ್ಪು ಎಂದಿದ್ದ: ಬಿಸಿಲಿಗೆ ಒಳಗೆ ಕೂತವನು ಬೇಯುತ್ತಾನೆ, ಬೇಗ ಇಳಿದರೆ ಸಾಕೆಂದು ತುಳಿಯುತ್ತಾನೆ. ಇವತ್ತು ಬಣ್ಣಕ್ಕೆ ಮುಂಚೆ ಹಚ್ಚುವ ಬರೀ ಪ್ರೈಮರಿನ ಬೂದೇ ಸರಿ ಎಂದ.

"ಬಣ್ಣ ಬಳಿಸ್ಕೊಳ್ಳೋಕೂ ನಿಲ್ಲದೆ ಓಡ್ತಿದೆ ಅಂದ್ರೆ ಯೋಚ್ನೆ ಮಾಡು, ಅದರ ವೇಗ ಎಷ್ಟಿರ್ಬೇಕು."

ಅವಳು ಟೀ ನೆತ್ತಿಗೇರುವಷ್ಟು ನಕ್ಕಳು. ಮಾವ ಮಾತಿಗೆ ಮಾತು ಪೋಣಿಸಿ, ಅವಳ ಲೋಟ ಬರಿದಾದ ಮೇಲೂ ಕೂರಿಸಿಕೊಂಡ. ಬೂತಿನ ಫ್ಯಾನು ಶುರುವಾದ ಸದ್ದು ಕೇಳಿದ ಮೇಲಷ್ಟೇ ಎದ್ದ.

ಮಧ್ಯಾಹ್ನ, ಕಾರಿನಿಂದ ಬಿಚ್ಚಿದ್ದ ಬಾಗಿಲು ಒಣಗಿ ಬೂತಿನಿಂದ ಹೊರಗೆ ಬಂತು. ಅದನ್ನು ಕಾರಿನ ಪಕ್ಕಕ್ಕೆ ಹಿಡಿದ ಕೂಡಲೇ ಅವಳಿಗೆ ಗೊತ್ತಾಯಿತು. ಬಾಗಿಲು ಕಾರಿಗಿಂತ ನೀಲಿ. ತುಸುವೇ. ಆದರೆ ಅವಳ ಕಸುಬಿನಲ್ಲಿ ತುಸು ಎಂಬುದೇ ಎಲ್ಲ.

"ಗನ್ನಿನ ಗಾಳಿ ಜಾಸ್ತಿಯಾಯ್ತು ಅಂತ ಕಾಣ್ಸತ್ತೆ ಅಕ್ಕ. ನಂದೇ ತಪ್ಪು," ಎಂದ ಮೋಡ. ಅವಳ ಮುಖ ನೋಡದೆ ಎಂದ.

ಗಾಳಿ ಹೆಚ್ಚಾದರೆ ಬಣ್ಣ ಹೀಗೆ ನೀಲಿಗೆ ತಿರುಗುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. ಕೋಣೆಗೆ ಹೋಗಿ ಸ್ಟೂಲಿನ ಮೇಲೆ ಕೂತಳು. ಕಾರ್ಡು ಕರಗಿದ್ದನ್ನು ಕಂಡದ್ದು ಈ ಕಣ್ಣೇ ಅಲ್ಲವೇ? ಹಾಗಾದರೆ ಹೊಸ ಕಣ್ಣು ಸುಳ್ಳು ಹೇಳುತ್ತಿದೆ. ಹಳೆಯದು ಮಂಜಾಗಿದ್ದರೂ ನಂಬಿಕೆಯದಾಗಿತ್ತು. ಹೊಸದು ಚಂದ ತೋರಿಸಿ ಕೈ ಕೊಟ್ಟಿತು. ಗಂಡ ತೀರಿಕೊಂಡ ಮೇಲೆ ಬೆಳಗ್ಗೆ ಅವಳನ್ನು ಹಾಸಿಗೆಯಿಂದ ಎಬ್ಬಿಸುತ್ತಿದ್ದುದು ಈ ಕೋಣೆಯೊಂದೇ. ಇದು ಹೋದರೆ? ಮುಂದಿನ ಮೇಜಿನಲ್ಲಿ ಕೂತು ಫೋನು ಎತ್ತುವ ಕೆಲಸ ಕೊಡಿ ಎಂದು ಶೆಡ್ಡಿನ ಯಜಮಾನರನ್ನು ಕೇಳಬೇಕು. ಅವರು ಕೊಡುತ್ತಾರೆ, ಒಳ್ಳೆಯವರು. ಆದರೆ ಫೋನಿಗೆ ಬಣ್ಣವಿಲ್ಲ.

ಏಳುವ ಮುನ್ನ ಸುಮ್ಮನೆ ಪಕ್ಕದ ಬಟ್ಟಲಿಗೆ ಕೈ ಚಾಚಿದಳು. ಡಬ್ಬ ಕೊಡುವ ಮೊದಲು ಒಂದಿಷ್ಟು ಬಣ್ಣವನ್ನು ಬಟ್ಟಲಲ್ಲಿ ತೆಗೆದಿಟ್ಟುಕೊಳ್ಳುವುದು ಅವಳ ಅಭ್ಯಾಸ, ಆಮೇಲೆ ಗೀರು ಗಾಯವಾದರೆ ತೀಡಲು ಬೇಕಾದೀತೆಂದು. ಅದರಿಂದ ಇನ್ನೊಂದು ಕಾರ್ಡು ಹೊಡೆದಳು. ಒಣಗಿಸಿ ಕಾರಿಗೆ ಹಿಡಿದಳು. ಕರಗಿತು. ಬಾಗಿಲಿಗೆ ಹಿಡಿದಳು. ಕರಗಲಿಲ್ಲ.

ಅಂದರೆ ಅವಳು ಕೊಟ್ಟ ಬಣ್ಣ ಸರಿಯಿತ್ತು. ಬಾಗಿಲ ಮೇಲೆ ಕೂತದ್ದು ಅವಳು ಕೊಟ್ಟ ಬಣ್ಣವಲ್ಲ.

ಮೋಡ ಊಟಕ್ಕೆ ಹೋಗಿದ್ದ. ಅವಳು ಬೂತಿಗೆ ಹೋದಳು. ಅಲ್ಲಿಗೆ ಅವಳು ಕಾಲಿಡುವುದೇ ಅಪರೂಪ. ಮಾಸ್ಕುಗಳ ಪೆಟ್ಟಿಗೆಯ ಹಿಂದೆ ಒಂದು ಪುಟ್ಟ ಬಾಟಲಿ, ಮುಚ್ಚಳದಲ್ಲಿ ಹನಿ ಬಿಡುವ ಕೊಳವೆ. ಒಳಗೆ ಕಡು ನೀಲಿ. ಹೊಸದಾಗಿ ತಂದಿಟ್ಟದ್ದಲ್ಲ. ಬಾಟಲಿಯ ಮೈಮೇಲೆ ಮೋಡನ ಹೆಬ್ಬೆಟ್ಟಿನ ನೀಲಿ ಗುರುತುಗಳು ಒಂದರ ಮೇಲೊಂದು ಕೂತು ಒಣಗಿ, ದಪ್ಪ ಸಿಪ್ಪೆಯಾಗಿದ್ದವು.

ಅವಳು ಅಲ್ಲೇ ಕುಕ್ಕರಿಸಿದಳು.

ಪೊರೆಯಿಂದ ಹಳದಿಯಾದ ಕಣ್ಣು ನೀಲಿಯ ಕೊರತೆಯನ್ನು ಕಾಣದು ಎಂದು ಕಣ್ಣಿನ ಡಾಕ್ಟರು ವಿವರಿಸಿದ್ದು ನೆನಪಾಯಿತು. ಹಾಗಾದರೆ ಇಷ್ಟು ಕಾಲ ಅವಳು ಕಲೆಸಿದ ಎಷ್ಟೋ ನೀಲಿ, ಎಷ್ಟೋ ಬಿಳಿ, ಎಷ್ಟೋ ಬೆಳ್ಳಿಗಳಲ್ಲಿ ಒಂದೆರಡು ಹನಿ ಕಡಿಮೆಯೇ ಇತ್ತು. ಅದನ್ನು ಮೋಡ ತುಂಬುತ್ತ ಬಂದಿದ್ದ. ಇವತ್ತೂ ಕೈ ರೂಢಿಯಂತೆ ತುಂಬಿತ್ತು. ಇವತ್ತು ಕೊರತೆ ಇರಲಿಲ್ಲ ಅಷ್ಟೇ. ಅವನು ಬೂತಿನೊಳಗೆ ಹನಿ ಬಿಡುವ ಹೊತ್ತಿಗೆ ಮಾವ ಹೊರಗೆ ಅವಳನ್ನು ಟೀಗೆ ಕೂರಿಸಿಕೊಂಡು ಕೆಂಪು, ಕಪ್ಪು, ಬೂದು ಎಂದು ನಗಿಸುತ್ತಿದ್ದ. ಡಬ್ಬ ಕೈ ಬಿಟ್ಟ ಮರುಗಳಿಗೆಗೇ ಆ ಕರೆ ಬರುತ್ತಿತ್ತಲ್ಲ, ಒಂದು ದಿನವೂ ತಪ್ಪದೆ.

ಮೊದಲು ಬಂದದ್ದು ಸಿಟ್ಟು. ನನ್ನನ್ನು ಮಗುವಿನ ಹಾಗೆ ಆಡಿಸಿದರಲ್ಲ. ಕಿವಿ ಬಿಸಿಯಾಯಿತು. ಬೆಳಗ್ಗೆ ನಾದಿನಿಯ ಮುಂದೆ ಕೊಚ್ಚಿಕೊಂಡ ಮಾತು ತನಗೇ ಕೇಳಿಸಿ ನಾಚಿಕೆಯಾಯಿತು. ಆಮೇಲೆ ಇನ್ನೊಂದು ನೆನಪು ಮೆಲ್ಲಗೆ ಬಂದು ಪಕ್ಕದಲ್ಲಿ ಕೂತಿತು. ಕೆಲವು ತಿಂಗಳ ಹಿಂದೆ ಮೋಡ ತಲೆ ಕೆರೆದುಕೊಳ್ಳುತ್ತ ಬಂದು, ತನ್ನ ಹೆಂಡತಿಗೆ ಕಣ್ಣಾಸ್ಪತ್ರೆಗೆ ಒಬ್ಬಳೇ ಹೋಗಲು ಭಯ, ಜೊತೆಗೆ ಹೋಗಿ ಬರುತ್ತೀರಾ ಎಂದು ಕೇಳಿದ್ದ. ಅಲ್ಲಿ ಆ ಹುಡುಗಿ, ಹೇಗೂ ಬಂದಿದ್ದೀರಲ್ಲ ಅಕ್ಕ, ನೀವೂ ಒಮ್ಮೆ ತೋರಿಸಿಬಿಡಿ ಎಂದು ಇವಳನ್ನು ಕುರ್ಚಿಯ ಮೇಲೆ ಕೂರಿಸಿದ್ದಳು. ಆ ಹುಡುಗಿಯ ಕಣ್ಣಿಗೆ ಏನೂ ಆಗಿರಲಿಲ್ಲ. ಆಗ ಒಳ್ಳೆಯದಾಯಿತು ಎಂದುಕೊಂಡಿದ್ದಳೇ ಹೊರತು ಮುಂದಕ್ಕೆ ಯೋಚಿಸಿರಲಿಲ್ಲ.

ಗಂಡ ತೀರಿಕೊಂಡ ವರ್ಷ ಯಾರೂ ಅವಳಿಗೆ ಸಮಾಧಾನದ ಮಾತು ಹೇಳಿರಲಿಲ್ಲ. ಈ ಇಬ್ಬರೂ ಹೇಳಿರಲಿಲ್ಲ. ಅದು ಅವಳ ಮನಸ್ಸಿನ ಒಂದು ಮೂಲೆಯಲ್ಲಿ ಮುಳ್ಳಾಗಿ ಉಳಿದಿತ್ತು. ಹೇಳುವ ಬದಲು ಇವರು ಅವಳ ಕೋಣೆಯನ್ನು ಅವಳಿಗೇ ಉಳಿಸಿಕೊಟ್ಟಿದ್ದರು. ತನ್ನ ಕಣ್ಣಿನ ಮೇಲೆ ಈ ಶೆಡ್ಡು ನಿಂತಿದೆ ಎಂದುಕೊಂಡು ಅವಳು ದಿನವೂ ಬೆನ್ನು ನೆಟ್ಟಗೆ ಮಾಡಿ ಬರುತ್ತಿದ್ದಳು. ಶೆಡ್ಡೇ ಅವಳ ಕಣ್ಣನ್ನು ಹೊತ್ತುಕೊಂಡಿತ್ತು. ಅಳು ಬಂತು. ಕಣ್ಣು ಉಜ್ಜಬಾರದೆಂದು ಡಾಕ್ಟರು ಹೇಳಿದ್ದರಿಂದ ಹಾಗೇ ಹರಿಯಲು ಬಿಟ್ಟಳು. ಬಾಟಲಿಯನ್ನು ಇದ್ದಲ್ಲೇ, ಗುರುತುಗಳು ಗೋಡೆಯ ಕಡೆಗೆ ತಿರುಗಿದ್ದ ಹಾಗೇ, ಇಟ್ಟು ಬಂದಳು.

ಊಟ ಮುಗಿಸಿ ಬಂದ ಮೋಡ ಅವಳ ಕೋಣೆಯ ಬಾಗಿಲಲ್ಲಿ ನಿಂತ. ಒಳಗೆ ಬರಲಿಲ್ಲ, ಹೋಗಲೂ ಇಲ್ಲ.

"ಅಕ್ಕ, ಒಂದ್ ಮಾತು ಹೇಳ್ಬೇಕಿತ್ತು. ನಿಮ್ ಕಣ್ಣಲ್ಲಿ ಏನೂ ದೋಷ ಇಲ್ಲ. ಆ ಬಾಗಿಲು ಯಾಕೆ ಹಾಗಾಯ್ತು ಅಂದ್ರೆ..."

ಅವನ ಮುಖ ನೋಡಿದರೆ ಊಟ ಸೇರಿದ ಹಾಗಿರಲಿಲ್ಲ. ಇವಳ ಧೈರ್ಯ ಉಳಿಸಬೇಕೆಂದರೆ ನಿಜ ಹೇಳಬೇಕು. ನಿಜ ಹೇಳಿದರೆ ಇಷ್ಟು ಕಾಲ ಉಳಿಸಿದ್ದ ಅವಳ ಮಾನವನ್ನು ತಾನೇ ಕೆಡವಬೇಕು. ಅಡಕತ್ತರಿಯಲ್ಲಿ ಸಿಕ್ಕವನ ಹಾಗೆ ನಿಂತಿದ್ದ.

"ಗನ್ನಿನ ಗಾಳಿ ಅಂತ ನೀನೇ ಹೇಳ್ದೆಯಲ್ಲೋ," ಎಂದಳು ಅವಳು. "ಮತ್ತೇನು ಹೇಳೋದಿದೆ? ಕಾರ್ಡು ಸರಿಯಾಗಿದೆ, ನಾನು ಇನ್ನೊಂದ್ಸಲ ನೋಡ್ದೆ. ಅದೇ ಬಣ್ಣ ಮತ್ತೆ ಕಲೆಸಿ ಕೊಡ್ತೀನಿ. ಗಾಳಿ ನೋಡ್ಕೊಂಡು ಹೊಡಿ."

ಅವನ ಭುಜಗಳು ಇಳಿದದ್ದು ಅವಳಿಗೆ ಕಂಡಿತು.

"ಇನ್ಮೇಲೆ ಗಾಳಿ ಜಾಸ್ತಿ ಮಾಡಲ್ಲ ಅಕ್ಕ," ಎಂದ.

"ಮಾಡ್ಬೇಡ. ಬೆಳ್ಳಿ ಬಣ್ಣ ಅಂತ ಕುಣೀತಿದ್ರೆ ಹೀಗೇ ಆಗೋದು."

ಅವನು ನಕ್ಕು ಹೋದ. ಹೋಗುವಾಗ ಡಾಕ್ಟರಮ್ಮ ಫೋನಿನಲ್ಲಿ ನೀಲಿಯೇ ಎಲ್ಲಕ್ಕಿಂತ ವೇಗ ಎಂದಿದ್ದನ್ನೂ ಹೇಳಿದ. ಆಕಾಶದ ಜೊತೆ ಬೆರೆತುಹೋಗುತ್ತದೆಯಂತೆ, ಹೋದದ್ದೇ ಯಾರಿಗೂ ತಿಳಿಯುವುದಿಲ್ಲವಂತೆ. ಕಂಬಕ್ಕೂ ತಿಳಿಯಲಿಲ್ಲ ಬಿಡು ಎಂದು ಮಾವ ದೂರದಿಂದಲೇ ಸೇರಿಸಿದ.

ಮತ್ತೆ ಬಣ್ಣ ಹೊಡೆಯುವ ಮೊದಲು ಬಾಗಿಲನ್ನು ಉಜ್ಜಬೇಕಿತ್ತು. ಮೋಡ ಗನ್ ತೊಳೆಯುತ್ತಿದ್ದ, ತಾನೇ ಉಜ್ಜುತ್ತೇನೆಂದು ಅವಳು ಹೇಳಿದಳು. ಈ ಶೆಡ್ಡಿಗೆ ಅವಳು ಬಂದದ್ದೇ ಉಜ್ಜುವ ಕೆಲಸಕ್ಕೆ. ಬಾಗಿಲನ್ನು ಕಿಟಕಿಯ ಬೆಳಕಿಗೆ ವಾರೆಯಾಗಿ ನಿಲ್ಲಿಸಿ, ಮರಳು ಕಾಗದ ಸುತ್ತಿದ ಹಲಗೆಯನ್ನು ಎತ್ತಿಕೊಂಡವಳು, ತಡೆದಳು.

ಕಿಟಕಿಯ ಸರಳುಗಳ ನೆರಳು ಬಾಗಿಲ ಹೊಳಪಿನಲ್ಲಿ ನೆಟ್ಟಗೆ ಇಳಿದು, ಹಿಡಿಕೆಯ ಕೆಳಗೆ ಒಂದು ಕಡೆ ಮಾತ್ರ ಸಣ್ಣಗೆ ನಡುಗಿತ್ತು. ಅಂಗೈ ಇಟ್ಟು ಸವರಿದಳು. ಒಂದು ಅಲೆ, ಕಾಗದದಷ್ಟು ತೆಳುವಾದದ್ದು. ಮಾವನ ಸುತ್ತಿಗೆ ಬಿಟ್ಟುಹೋದ ಅಲೆ. ಒಂದು ಕಾಲಕ್ಕೆ ಅವನು ಬಡಿದ ತಗಡಿನ ಮೇಲೆ ನೀರು ಸುರಿದರೂ ಎಲ್ಲೂ ನಿಲ್ಲುತ್ತಿರಲಿಲ್ಲ. ಅವಳು ಹೊರಗೆ ನೋಡಿದಳು. ಮಾವ ಬೆಂಚಿನ ಮೇಲೆ ಕೂತು ಬಲಗೈಯ ಬೆರಳುಗಳನ್ನು ಎಡಗೈಯಿಂದ ಒಂದೊಂದಾಗಿ ಬಿಡಿಸಿಕೊಳ್ಳುತ್ತಿದ್ದ, ಮಡಿಸುತ್ತಿದ್ದ, ಮತ್ತೆ ಬಿಡಿಸಿಕೊಳ್ಳುತ್ತಿದ್ದ. ಅವಳನ್ನು ಕಂಡು ಕೈಯನ್ನು ತೊಡೆಯ ಕೆಳಗೆ ಸೇರಿಸಿದ.

"ಏನು ತಾಯಿ, ಬಾಗಿಲು ಚೆನ್ನಾಗಿದೆ ತಾನೆ?"

"ಚೆನ್ನಾಗಿದೆ ಮಾವ. ಉಜ್ಜಿ ಕೊಡೋದಷ್ಟೇ."

ಅವಳು ಹಲಗೆಯನ್ನು ಅಲೆಯ ಮೇಲೆ ಅಡ್ಡಲಾಗಿ ಇಟ್ಟು ಉಜ್ಜತೊಡಗಿದಳು. ನೀಲಿ ಹುಡಿ ಬೆರಳ ಸಂದಿಯಲ್ಲಿ ತುಂಬಿತು. ತಗ್ಗು ಉಳಿದಲ್ಲಿ ಒಂದು ತೆಳು ಪದರ ಪ್ರೈಮರ್ ಹಚ್ಚಬೇಕು, ಅದು ಒಣಗಿದ ಮೇಲೆ ಮತ್ತೆ ಉಜ್ಜಬೇಕು, ಸಂಜೆಯೊಳಗೆ ಮುಗಿಯುತ್ತದೆ. ನಾಳೆ ಬರುವ ಕಾರುಗಳಲ್ಲೂ ಬಣ್ಣಕ್ಕೆ ಮುಂಚೆ ಒಮ್ಮೆ ಕೈಯಾಡಿಸಿ ನೋಡಬೇಕು. ಅದಕ್ಕೆ ಮಾವ ಟೀಗೆ ಕೂತಿರುವ ಹೊತ್ತೇ ಸರಿ. ಹೊರಗೆ ಮಾವ ಈಗ ಹಳದಿಯ ಪರವಾಗಿ ಏನೋ ಶುರು ಮಾಡಿದ್ದ, ಮೋಡ ಅದಕ್ಕೆ ಅಡ್ಡ ಮಾತಾಡುತ್ತಿದ್ದ. ಅಕ್ಕ ಎಲ್ಲಿ, ಕೆಂಪಿನವರು ಸೋತರಾ ಎಂದು ಕೂಗಿದರು. ಬಂದೆ, ನೀವು ಮಾತಾಡುತ್ತಿರಿ ಎಂದಳು ಅವಳು, ಮತ್ತು ಕೈ ನಿಲ್ಲಿಸಲಿಲ್ಲ.