ಕೋತಿ ಕಚ್ಚಿದ ಹಣ್ಣು

"ತಗೊಂತು! ತಗೊಂತು ಕಣೇ ಪಾಪ!"

ಗಂಗಾಲಕ್ಷ್ಮಿಯ ಕೂಗಿಗೆ ಆವನಿ ಬೆಟ್ಟದ ಮೆಟ್ಟಿಲಲ್ಲಿದ್ದವರೆಲ್ಲ ತಿರುಗಿ ನೋಡಿದರು. ಗಡವ ಕೋತಿಯೊಂದು ಅವಳ ಮೊಮ್ಮಗಳು ಲಾಸ್ಯಳ ಕೈಯಿಂದ ಬಾಳೆಹಣ್ಣು ಕಿತ್ತುಕೊಂಡು, ಬಂಡೆಯೇರಿ ಕೂತು, ಸಿಪ್ಪೆ ಸುಲಿದು ಒಂದು ಕಚ್ಚು ಕಚ್ಚಿತು.

ಲಾಸ್ಯಳಿಗೆ ಮೂರು ತುಂಬಿದರೂ ಮಾತು ಬಂದಿರಲಿಲ್ಲ. ಡಾಕ್ಟರಿಗೆ ತೋರಿಸೋಣ ಎಂದು ಮಗಳು ಸುನಂದ ಹೇಳುತ್ತಲೇ ಇದ್ದಳು. ಗಂಗಾಲಕ್ಷ್ಮಿಯ ತವರಿನಲ್ಲಿ ಇದಕ್ಕೆ ದಾರಿಯೇ ಬೇರೆ. ಮಗು ಕೊಟ್ಟ ಹಣ್ಣನ್ನು ಕೋತಿ ಕಚ್ಚಿ ಉಳಿಸಬೇಕು; ಉಳಿದದ್ದನ್ನು ಮಗುವಿಗೆ ತಿನ್ನಿಸಿದರೆ ನಾಲಿಗೆ ಸಡಿಲವಾಗುತ್ತದೆ. ಅವಳ ತಮ್ಮ ಹಾಗೇ ಮಾತು ಕಲಿತವನು, ಈಗ ಅವನ ಬಾಯಿ ಮುಚ್ಚಿಸುವವರಿಲ್ಲ. ಆದರೆ ಕೋತಿ ಉಳಿಸಬೇಕಲ್ಲ! ಬೆಳಗಿನಿಂದ ಕೊಟ್ಟ ಹಣ್ಣನ್ನೆಲ್ಲ ಅವು ಕೆನ್ನೆಯೊಳಗೆ ತುರುಕಿಕೊಂಡು ಓಡಿದ್ದವು.

"ಬಿಡು ಸ್ವಾಮಿ, ಅರ್ಧ ಬಿಡು," ಎಂದು ಬೇಡಿದಳು. ಕನ್ನಡ ಸಾಲದೆ ತೆಲುಗಿನಲ್ಲೂ ಬೇಡಿದಳು. "ನಾ ತಂಡ್ರೀ, ವದಿಲೆಯ್!"

ಮೇಲೆಲ್ಲೋ ಕೋತಿಗಳ ಜಗಳ ಹತ್ತಿತು. ಗಡವ ಕಿರ್ರೆಂದು ಹಲ್ಲು ಕಿರಿದು, ಹಣ್ಣು ಬಿಸುಟು ಅತ್ತ ಹಾರಿತು. ಗಂಗಾಲಕ್ಷ್ಮಿ ಸೀರೆ ಎತ್ತಿ ಸಿಕ್ಕಿಸಿ, ಬಂಡೆಗೆ ನೆಗೆದು, ಹಣ್ಣು ಹಿಡಿದು ಗೆದ್ದವಳಂತೆ ಇಳಿದಳು.

"ಅಮ್ಮಾ, ಮಗೂಗೆ ಕೊಡಬೇಡಿ!"

ಓಡಿ ಬಂದವಳು ರಜನಿ. ಕೋಲಾರದ ಕಾಲೇಜಿನ ಹುಡುಗಿ. ಕೈಗೆ ಗ್ಲೌಸ್ ತೊಟ್ಟು, ಕೋತಿಗಳ ಮಲವನ್ನು ಸಣ್ಣ ಸೀಸೆಗಳಿಗೆ ತುಂಬುತ್ತ ಬೆಳಗಿನಿಂದ ಅಲ್ಲೇ ಇದ್ದಳು.

"ಯಾಕಮ್ಮಾ? ನೀನು ಕೋತಿ ಹೇಲು ಬಾಚ್ಕೊಂಡಿರು. ನಾನೇನಾದ್ರೂ ಬೇಡ ಅಂದ್ನಾ?"

"ಅದನ್ನೇ ಪರೀಕ್ಷೆ ಮಾಡ್ತಿರೋದು. ಇವುಗಳ ಹೊಟ್ಟೇಲಿರೋ ಕೆಲವು ಬ್ಯಾಕ್ಟೀರಿಯ ನಮಗೆ ಬಂದ್ರೆ ಭೇದಿ ಹಿಡಿಸ್ತವೆ. ಹೋದ ಸಲದ ಸ್ಯಾಂಪಲ್‌ನಲ್ಲಿ ಮಾತ್ರೆಗೂ ಬಗ್ಗದಿರೋವು ಸಿಕ್ಕಿದಾವೆ."

"ಕೋತಿ ಎಲ್ಲಿ ತಿಂತು ಮಾತ್ರೆ? ಮೆಡಿಕಲ್ ಶಾಪಿಗೆ ಹೋಗಿತ್ತಾ?"

ಮೆಟ್ಟಿಲ ಮೇಲಿದ್ದವರು ಗೊಳ್ಳೆಂದರು. ರಜನಿ ನಗಲಿಲ್ಲ.

"ತಿಂದೋರು ನಾವು. ನಮ್ಮ ಎಂಜಲು ತಿಂದು, ನಮ್ಮ ಮೋರಿ ನೀರು ಕುಡಿದು ಅವುಕ್ಕೂ ಬಂದಿರಬೇಕು. ಈಗ ಅವುಗಳಿಂದ ನಮಗೆ. ದೊಡ್ಡೋರು ಹೆಂಗೋ ತಡ್ಕೊತೀವಿ. ಇಷ್ಟು ಸಣ್ಣ ಮಗು..."

"ಅಂದ್ರೆ ನಾವೂ ಗಲೀಜು, ಕೋತಿನೂ ಗಲೀಜು, ಗ್ಲೌಸ್ ಹಾಕ್ಕೊಂಡಿರೋ ನೀನೊಬ್ಳೇ ಮಡಿ!" ಗಂಗಾಲಕ್ಷ್ಮಿಗೆ ಸಿಟ್ಟು ನೆತ್ತಿಗೇರಿತು. "ಮೊದಲು ನಾನೇ ತಿಂತೀನಿ, ನೋಡ್ತಿರು. ಸತ್ರೆ ಸಾಯ್ತೀನಿ. ಬದುಕಿದ್ರೆ ಮಿಕ್ಕಿದ್ದು ಮಗೂಗೆ. ಆಗೇನಂತೀಯ?"

ಕೋತಿಯ ಹಲ್ಲಿನ ಗುರುತಿದ್ದ ಕಡೆಯೇ ಬಾಯಿ ಹಾಕಿ ಕಚ್ಚಿದಳು. ಎಲ್ಲರಿಗೂ ಕಾಣುವಂತೆ ತಲೆಯೆತ್ತಿ ಅಗಿದಳು.

ಆಗ ಮೊಣಕಾಲಿಗೆ ಏನೋ ತಾಕಿತು. ಲಾಸ್ಯ ಅಜ್ಜಿಯ ಸೀರೆ ಹಿಡಿದು, ತುದಿಗಾಲಲ್ಲಿ ನಿಂತು, ಮುಖವೆತ್ತಿ ಬಾಯಿ ತೆರೆದಿದ್ದಳು. ಮುದ್ದೆಯೊಂದನ್ನು ಬಿಟ್ಟು ಇಡ್ಲಿ, ಅನ್ನ, ಕಡ್ಲೆಕಾಯಿ ಏನೇ ಇರಲಿ, ಗಂಗಾಲಕ್ಷ್ಮಿ ತಾನು ಅಗಿದು ಮೆತ್ತಗೆ ಮಾಡಿಯೇ ಮಗುವಿನ ಬಾಯಿಗೆ ಇಡುತ್ತಿದ್ದಳು. ಮಗುವಿಗೆ ಹಲ್ಲೆಲ್ಲ ಬಂದಿದ್ದವು. ಗಂಟಲಿಗೆ ಸಿಕ್ಕೀತೆಂಬ ಭಯಕ್ಕೆ ಆ ರೂಢಿ ಬಿಟ್ಟಿರಲಿಲ್ಲ.

ತನ್ನ ಬಾಯಿಗೆ ಬಂದದ್ದು ಮಗುವಿನ ಬಾಯಿಗೂ ಹೋಗುತ್ತದೆಂದು ಹೊಳೆದದ್ದೇ, ಅಗಿಯುವುದು ನಿಂತಿತು.

"ಉಗುಳಿಬಿಡಿ ಅಮ್ಮ," ಎಂದಳು ರಜನಿ, ಮೆಲ್ಲಗೆ.

ಗಂಗಾಲಕ್ಷ್ಮಿ ಬಂಡೆಯ ಹಿಂದೆ ಹೋಗಿ ಉಗುಳಿದಳು. ಕೈಯಲ್ಲಿದ್ದ ತುಂಡನ್ನು ಪೊದೆಯೊಳಕ್ಕೆ ಬೀಸಿ ಎಸೆದಳು. ರಜನಿ ನೀರು ಸುರಿದಳು. ಅಜ್ಜಿ ಬಾಯಿ ಮುಕ್ಕಳಿಸಿ, ಕೈ ತೊಳೆದು, ಮಗುವಿನ ಕೈಯನ್ನೂ ತೊಳೆದು, ಮತ್ತೆ ಮುಕ್ಕಳಿಸಿದಳು. ಲಾಸ್ಯ ಬಾಯಿ ಮುಚ್ಚಿರಲಿಲ್ಲ.

ಚೀಲದಲ್ಲಿ ಒಂದೇ ಹಣ್ಣು ಉಳಿದಿತ್ತು. ಸುಲಿದು, ಅಭ್ಯಾಸದಂತೆ ತನ್ನ ತುಟಿಯವರೆಗೆ ಒಯ್ದವಳು ಕೈ ಇಳಿಸಿ, ಹಣ್ಣನ್ನು ಮಗುವಿನ ಮುಷ್ಟಿಗೇ ಇಟ್ಟಳು. ಲಾಸ್ಯ ಹಣ್ಣು ನೋಡಿದಳು, ಅಜ್ಜಿಯ ಬಾಯಿ ನೋಡಿದಳು. ಆಮೇಲೆ ಪುಟ್ಟ ಹಲ್ಲು ಊರಿ ಕಚ್ಚಿದಳು.

ಮಗುವಿನ ದವಡೆ ಮೆಲ್ಲಗೆ ಆಡತೊಡಗಿತು. ಗಂಗಾಲಕ್ಷ್ಮಿ ಮೆಟ್ಟಿಲ ಮೇಲೆ ಕುಕ್ಕರಿಸಿ ಅದನ್ನೇ ನೋಡುತ್ತ, ತನ್ನ ಖಾಲಿ ಬಾಯನ್ನೂ ಜೊತೆಜೊತೆಗೆ ಆಡಿಸುತ್ತಿದ್ದಳು.