ಗಾರೆಯೊಳಗಿನ ಗಾಜು

"ಈ ಗೋಡೆ ಕೆಡವೋದೇ ಸರಿ," ಎಂದು ಎಂಜಿನಿಯರ್ ಚರ್ಚಿನ ಗೋಡೆಯ ಬಿರುಕಿಗೆ ಬೆರಳು ತೂರಿಸಿದ. "ನೋಡಿ ಫಾದರ್, ಬೆರಳು ಪೂರ್ತಿ ಹೋಗುತ್ತೆ."

ಮೇಲಿನ ಗಾರೆ ನೀರು ಕುಡಿದು ಉದುರಿದ್ದರಿಂದ ಕಂಡ ಬಿರುಕು ಅದು. ಪಾದ್ರಿಗಳ ಮುಖ ಸಣ್ಣದಾಯಿತು. ಗಾರೆ ಕೆಲಸಕ್ಕೆ ಕರೆಸಿದ್ದ ಮೇಸ್ತ್ರಿಯಮ್ಮ ಮಾತ್ರ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು.

"ಬೆರಳು ಹೋಗೋ ಕಡೆಯೆಲ್ಲ ಕೆಡವ್ತಾ ಹೋದ್ರೆ ನಮ್ಮ ಮೂಗೂ ಉಳಿಯಲ್ಲ ಸಾರ್. ಆ ದೊಡ್ಡ ಗೋಡೆ ಕಲ್ಲಿಂದು, ಮೊದಲು ಕಟ್ಟಿದ್ದು. ಜನ ಹೆಚ್ಚಾದ ಮೇಲೆ ಈ ಪಕ್ಕದ ಭಾಗ ಇಟ್ಟಿಗೇಲಿ ಕಟ್ಟಿದ್ರು. ನಡುವೆ ನೂರು ವರ್ಷ. ಎರಡಕ್ಕೂ ಬೆಸುಗೇನೇ ಇಲ್ಲ. ಹೊಸದು ಕುಸಿದು ಕೂತಾಗ ಸ್ವಲ್ಪ ಬಿಟ್ಕೊಂಡಿದೆ. ಆಮೇಲೆ ಅಲುಗಿಲ್ಲ."

"ಅಲುಗಿಲ್ಲ ಅಂತ ಯಾರು ಹೇಳಿದ್ರು?"

"ನಮ್ಮ ಮಾವ."

"ಅವರು ತೀರಿಕೊಂಡು ಹದಿನೆಂಟು ವರ್ಷ ಆಯ್ತಲ್ಲಮ್ಮ," ಎಂದರು ಪಾದ್ರಿಗಳು.

"ಅದಕ್ಕೇ ಫಾದರ್, ಮಾತು ಬದಲಾಯ್ಸಲ್ಲ."

ಈ ಗೋಡೆಗೆ ಕೊನೆಯ ಸಲ ಗಾರೆ ಬಳಿದವರು ಮಾವನೇ. ಬಿರುಕಿಗೆ ಅಡ್ಡಲಾಗಿ ಒಂದು ಗಾಜಿನ ಪಟ್ಟಿ ಕೂರಿಸದೆ ಅವರು ಯಾವ ಬಿರುಕನ್ನೂ ಮುಚ್ಚಿದವರಲ್ಲ. ಗೋಡೆ ಕೂದಲೆಳೆಯಷ್ಟು ಜರುಗಿದರೂ ಗಾಜು ಒಡೆಯುತ್ತದೆ. ಇಲ್ಲಿ ಕೂರಿಸಿದ್ದನ್ನು ಅವಳು ಕಂಡಿರಲಿಲ್ಲ. ಅದು ಅವಳ ಮದುವೆಗೂ ಹಿಂದಿನ ಕೆಲಸ. ಆದರೆ ಮಾವನನ್ನು ಕಂಡಿದ್ದಳು, ಅಷ್ಟು ಸಾಕಾಗಿತ್ತು.

"ಗಾಜು ಒಡೆದಿದ್ರೆ ಮೊದಲ ಇಟ್ಟಿಗೆ ನಾನೇ ಕೀಳ್ತೀನಿ," ಎಂದು ಉಳಿ ಎತ್ತಿಕೊಂಡಳು. ಒಡೆದಿದ್ದರೆ ಗೋಡೆಯ ಜೊತೆ ಮಾವನ ಹೆಸರೂ ಮಣ್ಣುಪಾಲು. ಅದು ಅವಳಿಗೆ ಗೊತ್ತಿತ್ತು.

ಮಾವ ಕುಳ್ಳಗಿನ ಆಳು. ಗಾಜು ಯಾವಾಗಲೂ ತಮ್ಮ ಕಣ್ಣಿನ ನೇರಕ್ಕೇ ಇಡುತ್ತಿದ್ದರು. ಮೇಸ್ತ್ರಿಯಮ್ಮ ಮೊಣಕಾಲು ಬಗ್ಗಿಸಿ, ಮಾವನಷ್ಟೇ ಕುಳ್ಳಗಾಗಿ, ಅಲ್ಲಿ ಇನ್ನೂ ಉದುರದ ಗಾರೆಗೆ ಉಳಿಯಿಟ್ಟು ಮೆಲ್ಲಗೆ ತಟ್ಟಿದಳು.

"ಯಾಕಮ್ಮ ಹಾಗೆ ನಿಂತಿದ್ದೀರಿ?" ಎಂಜಿನಿಯರ್ ನಕ್ಕ.

ನಾಲ್ಕನೆಯ ಏಟಿಗೆ ಗಾರೆ ಹಪ್ಪಳದಂತೆ ಎದ್ದು ಬಂತು. ಒಳಗೆ ಹಸಿರು ಛಾಯೆಯ ಗಾಜು, ಬೆರಳಗಲದ್ದು. ಅವಳು ಸೆರಗಿನಿಂದ ಧೂಳು ಒರೆಸಿದಳು. ಒಂದು ಗೀರೂ ಇರಲಿಲ್ಲ. ಎರಡೂ ತುದಿಯ ಸುಣ್ಣದ ಮುದ್ದೆಯ ಮೇಲೆ ಹೆಬ್ಬೆಟ್ಟಿನ ಗುರುತು ನಿಚ್ಚಳವಾಗಿತ್ತು.

ಎಂಜಿನಿಯರ್ ಕನ್ನಡಕ ತೆಗೆದು ಬಗ್ಗಿ ನೋಡಿದ. ಗಾಜಿನುದ್ದಕ್ಕೂ ಉಗುರು ಆಡಿಸಿದ. ನಗು ನಿಂತಿತ್ತು.

"ಕೆಡವೋದು ಬೇಡ ಫಾದರ್," ಎಂದವನು ಅವಳತ್ತ ತಿರುಗಿದ. "ಇನ್ನು ಮುಂದಕ್ಕೂ ಒಂದು ಇಡಬೇಕಲ್ವಾ? ಇನ್ನೊಂದು ಪಟ್ಟಿ ಸಿಗುತ್ತಾ ಅಮ್ಮ?"

ಬೆಳಿಗ್ಗೆಯೇ ಕತ್ತರಿಸಿ ತಂದಿದ್ದ ಪಟ್ಟಿಯನ್ನು ಅವಳು ಚೀಲದಿಂದ ತೆಗೆದಳು. ಈ ಸಲ ಮೊಣಕಾಲು ಬಗ್ಗಿಸಲಿಲ್ಲ. ತನ್ನ ಕಣ್ಣಿನ ನೇರಕ್ಕೆ ಅದನ್ನಿಟ್ಟು, ತುದಿಗಳಿಗೆ ಸುಣ್ಣ ಮೆತ್ತಿ, ಹೆಬ್ಬೆಟ್ಟು ಒತ್ತಿದಳು.